ಡಾಂಬರು ರಸ್ತೆ ಬಿಟ್ಟು ಸಾಗುವ ಪಿಕಪ್ ವಾಹನಗಳಲ್ಲಿ ಇರಬೇಕಾದ ಅವಶ್ಯಕ ಸಾಮಗ್ರಿಗಳು

(ವಾಹನ ಮಾಲೀಕರು, ಚಾಲಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ರಾಜ್ಯದ ಮಲೆನಾಡಿನ ತೋಟದ ರಸ್ತೆಗಳಲ್ಲಿ, ಬಯಲುಸೀಮೆಯ ಹೊಲದ ದಾರಿಗಳಲ್ಲಿ ಹಾಗೂ ಬೆಟ್ಟದ ಮೇಲಿನ ದೇವಸ್ಥಾನಗಳಿಗೆ ಹೋಗುವ ಕಚ್ಚಾ ರಸ್ತೆಗಳಲ್ಲಿ ಪಿಕಪ್ ಮತ್ತು ಜೀಪುಗಳ ಸಂಚಾರವು ಹಿಂದಿನಿಂದಲೂ ಇರುತ್ತದೆ. ಇದರೊಂದಿಗೆ, ನಾಲ್ಕು ಚಕ್ರ ಚಾಲನೆಯ ಪಿಕಪ್‌ಗಳನ್ನು ಖರೀದಿಸಿ ವಿಹಾರಕ್ಕಾಗಿ ಇಂತಹ ದಾರಿಗಳಿಗೆ ಇಳಿಯುವವರೂ ಈಗ ಕಂಡುಬರುತ್ತಾರೆ. ಇಲ್ಲಿ ವಾಹನವು ಸಿಕ್ಕಿಕೊಂಡಲ್ಲಿ ಸಮೀಪದಲ್ಲಿ ಗ್ಯಾರೇಜು ಇರುವುದಿಲ್ಲ, ಕ್ರೇನ್ ಬರಲು ದಾರಿ ಇರುವುದಿಲ್ಲ, ಅನೇಕ ಕಡೆ ಮೊಬೈಲ್ ಸಂಪರ್ಕವೂ ದೊರೆಯುವುದಿಲ್ಲ. ವಾಹನದೊಳಗೆ ಏನಿದೆಯೋ ಅದರಿಂದಲೇ ಹೊರಬರಬೇಕಾಗುತ್ತದೆ.

ಈ ಸಂಬಂಧ ಸಾಮಗ್ರಿ ಖರೀದಿಸುವವರು ಮೊದಲು ವಿಂಚು ಮತ್ತು ಎಳೆಯುವ ಹಗ್ಗಗಳನ್ನು ಕೊಂಡು, ಗಾಳಿ ಅಳೆಯುವ ಗೇಜು ಮತ್ತು ಸನಿಕೆಯನ್ನು ಕಡೆಗಣಿಸುವುದು ಸಾಮಾನ್ಯವಾಗಿದೆ. ವಾಸ್ತವದಲ್ಲಿ ಈ ಕ್ರಮವು ತಿರುವುಮುರುವಾಗಿರಬೇಕು. ಸಕಾಲದಲ್ಲಿ ನಿಲ್ಲಿಸಿದ ವಾಹನವನ್ನು ಚಕ್ರದ ಗಾಳಿ ಇಳಿಸಿ, ಮುಂದಿನ ಮಣ್ಣು ತೆಗೆದು ಹೊರತರಲು ಬಹುತೇಕ ಸಾಧ್ಯವಾಗುತ್ತದೆ. ಎಳೆಯುವುದು ಕೊನೆಯ ಉಪಾಯ. ಅಲ್ಲದೆ, ಪಕ್ಕದಲ್ಲಿ ನಿಂತು ನೋಡುತ್ತಿರುವವರ ಪ್ರಾಣಕ್ಕೂ ಅಪಾಯ ತರುವ ಸಾಮಗ್ರಿಗಳು ಈ ವರ್ಗದಲ್ಲಿಯೇ ಇರುತ್ತವೆ. ಆದ್ದರಿಂದ ಸಾಮಗ್ರಿಗಳ ವಿವರವನ್ನು ಖರೀದಿಸಬೇಕಾದ ಕ್ರಮದಲ್ಲಿಯೇ ಇಲ್ಲಿ ನೀಡಲಾಗಿದೆ.

ವಾಹನದೊಂದಿಗೆ ಬಂದಿರುವ ಸಾಮಗ್ರಿಗಳ ಪರಿಶೀಲನೆ

ಹೊಸದಾಗಿ ಏನನ್ನೇ ಕೊಳ್ಳುವ ಮೊದಲು ಸ್ಟೆಪ್ನಿ, ಜಾಕ್, ಜಾಕ್ ತಿರುಗಿಸುವ ಸರಳು ಹಾಗೂ ವೀಲ್ ಸ್ಪ್ಯಾನರ್ ವಾಹನದಲ್ಲಿ ಇವೆಯೇ, ಕೆಲಸ ಮಾಡುತ್ತವೆಯೇ ಎಂಬುದನ್ನು ನೋಡತಕ್ಕದ್ದು. ಕೆಲವು ವರ್ಷಗಳ ಹಿಂದೆ ಚುನಾವಣಾ ಕರ್ತವ್ಯದ ಮೇಲೆ ಗುಡ್ಡದ ಮತಗಟ್ಟೆಯೊಂದರಿಂದ ಹಿಂತಿರುಗುವಾಗ ಈ ಲೇಖನವನ್ನು ಸಿದ್ಧಪಡಿಸಿದವರು ಪ್ರಯಾಣಿಸುತ್ತಿದ್ದ ವಾಹನದ ಚಕ್ರ ಪಂಕ್ಚರ್ ಆಯಿತು. ವಾಹನದ ದಾಸ್ತಾನು ಪಟ್ಟಿಯಲ್ಲಿ “ಜಾಕ್ - 1, ಸುಸ್ಥಿತಿಯಲ್ಲಿದೆ” ಎಂದು ನಮೂದಾಗಿತ್ತು. ಜಾಕ್ ಸುಸ್ಥಿತಿಯಲ್ಲಿಯೇ ಇತ್ತು. ಅದನ್ನು ತಿರುಗಿಸುವ ಸರಳು ಮಾತ್ರ ಇರಲಿಲ್ಲ. ಪಟ್ಟಿಯಲ್ಲಿ ಸರಳಿಗೆಂದು ಪ್ರತ್ಯೇಕ ಕಾಲಂ ಇಲ್ಲದ ಕಾರಣ ಅದು ಇಲ್ಲವೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಕತ್ತಲೆಯಲ್ಲಿ ಮತಯಂತ್ರಗಳೊಂದಿಗೆ ಎರಡು ಗಂಟೆ ಕಾಯಬೇಕಾಯಿತು. ಪಟ್ಟಿ ನೋಡಿ ಗುರುತು ಹಾಕುವುದಕ್ಕಿಂತ, ಮನೆಯ ಅಂಗಳದಲ್ಲಿ ಒಮ್ಮೆ ಚಕ್ರ ಕಳಚಿ ಮರಳಿ ಜೋಡಿಸುವುದು ಉತ್ತಮ ತಪಾಸಣೆಯಾಗಿರುತ್ತದೆ. ನಟ್ಟುಗಳು ತುಕ್ಕು ಹಿಡಿದು ಅಥವಾ ಗ್ಯಾರೇಜಿನಲ್ಲಿ ಯಂತ್ರದಿಂದ ಅತಿಯಾಗಿ ಬಿಗಿಯಲ್ಪಟ್ಟು, ವಾಹನದೊಂದಿಗೆ ಬಂದ ಸಣ್ಣ ಸ್ಪ್ಯಾನರಿಗೆ ಜಗ್ಗದಿರುವುದೂ ಆಗಲೇ ತಿಳಿದುಬರುತ್ತದೆ. ಸ್ಪ್ಯಾನರಿನ ಹಿಡಿಗೆ ತೂರಿಸಲು ಎರಡು ಅಡಿ ಉದ್ದದ ಕಬ್ಬಿಣದ ಪೈಪೊಂದನ್ನು ಇಟ್ಟುಕೊಳ್ಳುವುದು ಸೂಕ್ತ.

ಮೆತ್ತನೆಯ ನೆಲದಲ್ಲಿ ಜಾಕ್ ವಾಹನವನ್ನು ಎತ್ತುವುದಿಲ್ಲ, ತಾನೇ ನೆಲದೊಳಕ್ಕೆ ಇಳಿಯುತ್ತದೆ. ಒಂದು ಅಡಿ ಚದರದ, ಎರಡು ಅಂಗುಲ ದಪ್ಪದ ಗಟ್ಟಿ ಮರದ ಹಲಗೆಯನ್ನು ಜಾಕಿನ ಕೆಳಗೆ ಇಡಲು ಒಯ್ಯಬೇಕು. ವಾಹನ ಉರುಳದಂತೆ ಚಕ್ರಗಳಿಗೆ ಅಡ್ಡವಾಗಿ ಇಡಲು ಎರಡು ಮರದ ದಿಮ್ಮಿಗಳೂ ಬೇಕು. ಜಾಕಿನ ಮೇಲೆ ನಿಂತಿರುವ ವಾಹನದ ಕೆಳಗೆ ಯಾವುದೇ ಕಾರಣಕ್ಕೂ ನುಸುಳಬಾರದು. ಕಳಚಿದ ಸ್ಟೆಪ್ನಿಯನ್ನು ಚಾಸಿಸ್ ಅಡಿಗೆ ತಳ್ಳಿಟ್ಟರೆ ಜಾಕ್ ಜಾರಿದರೂ ವಾಹನ ಪೂರ್ತಿಯಾಗಿ ಕುಸಿಯುವುದಿಲ್ಲ.

ಚಕ್ರದ ಗಾಳಿ

ಚಕ್ರದಲ್ಲಿ ಗಾಳಿ ಕಡಿಮೆ ಮಾಡಿದಾಗ ಟೈರು ನೆಲವನ್ನು ಮುಟ್ಟುವ ಭಾಗವು ಉದ್ದವಾಗಿ, ಅದೇ ಭಾರವು ಹೆಚ್ಚು ಜಾಗದ ಮೇಲೆ ಹಂಚಿಹೋಗುತ್ತದೆ. ಚಕ್ರ ಹೂಳುವುದು ಕಡಿಮೆಯಾಗುತ್ತದೆ, ಕಲ್ಲಿನ ಮೇಲೆ ಹಿಡಿತ ಹೆಚ್ಚಾಗುತ್ತದೆ. ಡಾಂಬರು ರಸ್ತೆಯಲ್ಲಿ ಸುಮಾರು 30 ರಿಂದ 35 ಪಿಎಸ್‌ಐ ಗಾಳಿಯಲ್ಲಿ ಓಡುವ, ಹೊರೆಯಿಲ್ಲದ ಪಿಕಪ್‌ಗೆ ಕಲ್ಲು ಹಾಗೂ ಕೆಸರಿನ ದಾರಿಯಲ್ಲಿ 20 ರಿಂದ 25, ಹೊಳೆಯ ಸಡಿಲ ಮರಳಿನಲ್ಲಿ 15 ರಿಂದ 18 ಪಿಎಸ್‌ಐ ಸಾಕಾಗುತ್ತದೆ. ಅದಕ್ಕಿಂತ ಕೆಳಗೆ ಇಳಿಸಿದಲ್ಲಿ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಸಂಭವವಿರುತ್ತದೆ. ಟ್ಯೂಬ್ ಇರುವ ಟೈರುಗಳಲ್ಲಿ ಮತ್ತೊಂದು ತೊಂದರೆಯಿದೆ: ಗಾಳಿ ತೀರಾ ಕಡಿಮೆಯಾದಾಗ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನೂ ಎಳೆದು, ವಾಲ್ವಿನ ಬುಡವೇ ಹರಿದುಹೋಗುತ್ತದೆ. ಪೂರ್ಣ ಹೊರೆ ಹೊತ್ತಿರುವ ಸರಕು ವಾಹನಗಳ ಗಾಳಿಯನ್ನು ಇಳಿಸತಕ್ಕದ್ದಲ್ಲ; ಅಲ್ಲಿ ಹೊರೆಯನ್ನೇ ಇಳಿಸಬೇಕಾಗುತ್ತದೆ.

ಈ ಕಾರ್ಯಕ್ಕೆ ಬೇಕಾಗುವುದು ಕೆಲವೇ ನೂರು ರೂಪಾಯಿ ಬೆಲೆಯ ಗಾಳಿ ಅಳೆಯುವ ಗೇಜು, ಹಾಗೂ ಮರಳಿ ಗಾಳಿ ತುಂಬಲು ಒಂದು ಕಂಪ್ರೆಸರ್ ಅಥವಾ ಕಾಲಿನಿಂದ ತುಳಿಯುವ ಪಂಪು. ಎರಡನೆಯದು ಇಲ್ಲದೆ ಮೊದಲನೆಯದನ್ನು ಬಳಸಬಾರದು. ಗಾಳಿ ಇಳಿಸಿದ ಚಕ್ರದಲ್ಲಿ ಡಾಂಬರು ರಸ್ತೆಗೆ ಬಂದು ವೇಗವಾಗಿ ಸಾಗಿದಲ್ಲಿ ಟೈರಿನ ಪಕ್ಕದ ಗೋಡೆ ಬಿಸಿಯಾಗಿ ಒಡೆಯುತ್ತದೆ. ಪಿಕಪ್‌ನ ದೊಡ್ಡ ಟೈರುಗಳಿಗೆ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರ್ ಸಾಲದು. ಅದರ ಫ್ಯೂಸ್ ಹೋಗುವುದೇ ಹೆಚ್ಚು. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂತಹುದನ್ನು ಆರಿಸಿಕೊಳ್ಳಬೇಕು.

ಟ್ಯೂಬ್‌ಲೆಸ್ ಟೈರಿಗೆ ಪಂಕ್ಚರ್ ಸೂಜಿ ಹಾಗೂ ರಬ್ಬರ್ ಪಟ್ಟಿಗಳ ಪೊಟ್ಟಣ ಇರಲಿ. ಆದರೆ ಮೊನಚು ಕಲ್ಲುಗಳು ಸೀಳುವುದು ಟೈರಿನ ಪಕ್ಕದ ಗೋಡೆಯನ್ನು. ಅದಕ್ಕೆ ಈ ಪಟ್ಟಿಗಳು ನಿಲ್ಲುವುದಿಲ್ಲ. ಕಲ್ಲಿನ ದಾರಿಯಲ್ಲಿ ಬಹಳ ದೂರ ಹೋಗುವವರು ಎರಡು ಸ್ಟೆಪ್ನಿ ಒಯ್ಯುವುದು ಅತಿರೇಕವೆನಿಸುವುದಿಲ್ಲ.

ಮಣ್ಣು ತೆಗೆಯುವ ಸಾಮಗ್ರಿ - ಕೆಮ್ಮಣ್ಣು ಮತ್ತು ಎರೆಮಣ್ಣು

ಚಕ್ರವು ತಿರುಗುತ್ತ ಮುಂದೆ ಸಾಗದಿದ್ದಾಗ ವೇಗವರ್ಧಕವನ್ನು ಮತ್ತಷ್ಟು ತುಳಿಯುವುದು ಎಲ್ಲ ಚಾಲಕರ ಸಹಜ ಪ್ರವೃತ್ತಿ. ಪ್ರತಿ ಸುತ್ತಿಗೂ ಚಕ್ರವು ತನ್ನ ಗುಂಡಿಯನ್ನು ತಾನೇ ಆಳ ಮಾಡಿಕೊಳ್ಳುತ್ತದೆ. ಕೊನೆಗೆ ವಾಹನದ ಹೊಟ್ಟೆ ನೆಲಕ್ಕೆ ಕುಳಿತು ಚಕ್ರಗಳು ನೇತಾಡುತ್ತವೆ. ಹಾಗಾಗುವ ಮೊದಲೇ ಎಂಜಿನ್ ನಿಲ್ಲಿಸಿ ಕೆಳಗಿಳಿದಲ್ಲಿ ಅರ್ಧ ಗಂಟೆಯ ಕೆಲಸ. ತಡವಾದಲ್ಲಿ ಅರ್ಧ ದಿನದ್ದು.

ಉದ್ದ ಹಿಡಿಯ ಸನಿಕೆ, ಒಂದು ಗುದ್ದಲಿ, ಒಂದು ಹಾರೆ ಮತ್ತು ಮಣ್ಣು ಹೊರಲು ಬಾಂಡ್ಲಿ ಇವಿಷ್ಟೂ ಇರತಕ್ಕದ್ದು. ಮಡಚುವ ಪುಟ್ಟ ಸನಿಕೆಗಳು ನೋಡಲು ಅಚ್ಚುಕಟ್ಟಾಗಿದ್ದರೂ ವಾಹನದ ನಡುಭಾಗದ ಕೆಳಗಿನವರೆಗೆ ಅವುಗಳ ಹಿಡಿ ತಲುಪುವುದಿಲ್ಲ. ಮೊದಲು ಹೊಟ್ಟೆಯ ಅಡಿಯ ಹಾಗೂ ಡಿಫರೆನ್ಷಿಯಲ್‌ಗೆ ತಾಗಿರುವ ಮಣ್ಣನ್ನು ತೆಗೆದು, ನಂತರ ನಾಲ್ಕೂ ಚಕ್ರಗಳ ಮುಂದೆ ಇಳಿಜಾರಿನಂತೆ ಕಡಿಯಬೇಕು. ಚಕ್ರದಡಿಗೆ ಕೊಡಲು ಹಲ್ಲುಗಳಿರುವ ಪ್ಲಾಸ್ಟಿಕ್ ಹಲಗೆಗಳು ಈಗ ದೊರೆಯುತ್ತವೆ. ಅವುಗಳನ್ನು ಚಕ್ರಕ್ಕೆ ಒತ್ತಿ ಇಟ್ಟು, ನಿಧಾನವಾಗಿ ಹತ್ತಿಸಬೇಕು. ಚಕ್ರ ವೇಗವಾಗಿ ತಿರುಗಿದಲ್ಲಿ ಹಲ್ಲು ಕರಗುತ್ತದೆ, ಹಲಗೆ ಹಿಂದಕ್ಕೆ ಚಿಮ್ಮುತ್ತದೆ. ಇವು ಇಲ್ಲದವರಿಗೆ ಗೋಣಿಚೀಲಗಳೂ ಸಾಕಷ್ಟು ಕೆಲಸ ಮಾಡುತ್ತವೆ.

ಖಾಲಿ ಪಿಕಪ್‌ನ ವಿಷಯದಲ್ಲಿ ಗೋಣಿಚೀಲಕ್ಕೆ ಇನ್ನೊಂದು ಉಪಯೋಗವಿದೆ. ಸರಕು ಪಿಕಪ್‌ಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಚಕ್ರಗಳಿಂದ ಮಾತ್ರ ಚಲಿಸುತ್ತವೆ. ಹಿಂದೆ ಹೊರೆ ಇಲ್ಲದಿದ್ದಾಗ ಆ ಚಕ್ರಗಳ ಮೇಲೆ ಭಾರವೇ ಬೀಳುವುದಿಲ್ಲ; ಒದ್ದೆ ಏರಿನಲ್ಲಿ ಕೂಡಲೇ ಜಾರುತ್ತವೆ. ಮರಳು ತುಂಬಿದ ನಾಲ್ಕೈದು ಚೀಲಗಳನ್ನು ಹಿಂದಿನ ಆಕ್ಸಲ್‌ನ ನೇರ ಮೇಲೆ ಇಟ್ಟು ಬಿಗಿಯಾಗಿ ಕಟ್ಟಿದಲ್ಲಿ ಹಿಡಿತ ಬರುತ್ತದೆ. ಸಿಕ್ಕಿಕೊಂಡಾಗ ಮರಳನ್ನು ಚಕ್ರದ ಮುಂದೆ ಸುರಿದು, ಖಾಲಿ ಚೀಲವನ್ನು ಅದರ ಮೇಲೆ ಹಾಸಬಹುದು.

ಮಲೆನಾಡಿನ ಕೆಮ್ಮಣ್ಣಿಗೂ ಉತ್ತರ ಕರ್ನಾಟಕದ ಎರೆಮಣ್ಣಿಗೂ ಒಂದೇ ಸಾಮಗ್ರಿ ಹೊಂದುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಲೆನಾಡಿನ ದಾರಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಒಂದೆರಡು ಅಂಗುಲ ಲೋಳೆಯಂತೆ ಜಾರುತ್ತಿದ್ದರೂ ಅದರ ಕೆಳಗೆ ಗಟ್ಟಿ ನೆಲವಿರುತ್ತದೆ. ಆದುದರಿಂದಲೇ ತೋಟದ ಜೀಪು ಚಾಲಕರು ಮಳೆಗಾಲದಲ್ಲಿ ಟೈರುಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಾರೆ; ಸರಪಳಿಯು ಲೋಳೆಯನ್ನು ಸೀಳಿ ಕೆಳಗಿನ ನೆಲವನ್ನು ಕಚ್ಚುತ್ತದೆ. ಡಾಂಬರು ರಸ್ತೆ ಸೇರುವ ಮೊದಲು ಅದನ್ನು ಬಿಚ್ಚಬೇಕು. ಎರೆಭೂಮಿಯಲ್ಲಿ ಇದು ನಡೆಯುವುದಿಲ್ಲ. ಅಲ್ಲಿನ ಜೇಡಿಯು ನೀರು ಕುಡಿದು ಹಿಗ್ಗಿ, ಅಂಟಾಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ತಿರುಗದಂತೆ ಹಿಡಿದುಬಿಡುತ್ತದೆ. ಸನಿಕೆಗೂ ಅಂಟುವ ಆ ಮಣ್ಣನ್ನು ಕೆರೆದು ತೆಗೆಯಲು ಕಳೆ ಕೀಳುವ ಕುರ್ಪಿಯಂತಹ ಚಿಕ್ಕ ಸಾಧನವೇ ಮೇಲು. ಗದಗ, ಧಾರವಾಡ, ವಿಜಯಪುರ ಮುಂತಾದ ಕಡೆಗಳ ಹೊಲದ ದಾರಿಗಳಲ್ಲಿ ಹದ ಮಳೆ ಬಿದ್ದ ದಿನ ವಾಹನ ಇಳಿಸದೆ, ಒಂದೆರಡು ಬಿಸಿಲು ಬೀಳುವವರೆಗೆ ಕಾಯುವುದೇ ಅಲ್ಲಿನ ರೈತರ ರೂಢಿ. ಹೊರಗಿನಿಂದ ಬಂದವರು ಅದನ್ನು ಮೀರಬಾರದು.

ಎಳೆಯುವ ಸಾಮಗ್ರಿ

ಮೇಲ್ಕಂಡ ಎಲ್ಲ ಪ್ರಯತ್ನಗಳ ನಂತರವೂ ವಾಹನ ಕದಲದಿದ್ದಲ್ಲಿ ಮಾತ್ರ ಮತ್ತೊಂದು ವಾಹನದಿಂದ ಎಳೆಯಿಸತಕ್ಕದ್ದು. ಮೊದಲಿಗೆ, ತಮ್ಮ ವಾಹನದ ಒಟ್ಟು ತೂಕ ಎಷ್ಟೆಂಬುದನ್ನು ನೋಂದಣಿ ಪ್ರಮಾಣಪತ್ರದಿಂದ ತಿಳಿದುಕೊಳ್ಳಬೇಕು. ಹೊರೆ ಸಹಿತ ಸುಮಾರು 3 ಟನ್ ತೂಗುವ ಪಿಕಪ್‌ಗೆ, ತುಂಡಾಗುವ ಮಿತಿಯು ಅದರ ಎರಡರಿಂದ ಮೂರು ಪಟ್ಟು, ಅಂದರೆ 6 ರಿಂದ 9 ಟನ್ ಇರುವ ಹಗ್ಗ ಬೇಕು. ಮಾರಾಟಗಾರರು “ಹತ್ತು ಟನ್ ಹಗ್ಗ” ಎಂದು ಬಾಯಿಮಾತಿನಲ್ಲಿ ಹೇಳುವುದನ್ನು ನಂಬದೆ, ಹಗ್ಗದ ಮೇಲೆ ಹೊಲಿದಿರುವ ಚೀಟಿಯಲ್ಲಿ ಮುದ್ರಿತವಾಗಿರುವ ಮಿತಿಯನ್ನು ನೋಡಬೇಕು. ಚೀಟಿ ಇಲ್ಲದ ಹಗ್ಗವು ಹೊರೆ ಕಟ್ಟಲು ಮಾತ್ರ ಯೋಗ್ಯ.

ಹಗ್ಗಗಳಲ್ಲಿ ಎರಡು ಬಗೆ. ಪಾಲಿಯೆಸ್ಟರ್ ಪಟ್ಟಿ ಹಾಗೂ ಉಕ್ಕಿನ ತಂತಿ ಹಗ್ಗಗಳು ಹೆಚ್ಚು ಹಿಗ್ಗುವುದಿಲ್ಲ. ಇವುಗಳಿಂದ ನಿಧಾನವಾಗಿ, ಎಡೆಬಿಡದೆ ಎಳೆಯಬೇಕೇ ಹೊರತು ಜಗ್ಗಬಾರದು. ನೈಲಾನ್ ಹಗ್ಗವು ತನ್ನ ಉದ್ದದ ಶೇ. 20 ರಿಂದ 30 ರಷ್ಟು ಹಿಗ್ಗಿ, ಆ ಶಕ್ತಿಯಿಂದ ಸಿಕ್ಕಿಕೊಂಡ ವಾಹನವನ್ನು ಹೊರಗೆ ಕೀಳುತ್ತದೆ. ಜಗ್ಗಿ ಎಳೆಯಲು ಇದೊಂದೇ ತಕ್ಕುದು. ಕಬ್ಬಿಣದ ಸರಪಳಿಯಿಂದ ಜಗ್ಗುವುದು ನಮ್ಮಲ್ಲಿ ಎಲ್ಲೆಡೆ ಕಂಡುಬರುವ, ಆದರೆ ಅತ್ಯಂತ ಅಪಾಯಕರವಾದ ಪದ್ಧತಿ. ಅದರ ಒಂದು ಕೊಂಡಿ ಬಿಟ್ಟುಕೊಂಡರೆ ಕಬ್ಬಿಣದ ತುಣುಕು ಗಾಜನ್ನು ಭೇದಿಸಿ ಚಾಲಕನಿರುವಲ್ಲಿಗೆ ಬರಬಲ್ಲದು.

ಹಗ್ಗಕ್ಕಿಂತಲೂ ಅದನ್ನು ಸಿಕ್ಕಿಸುವ ಜಾಗವೇ ಹೆಚ್ಚು ಮುಖ್ಯ. ಚಾಸಿಸ್‌ಗೆ ಭದ್ರವಾಗಿ ಜೋಡಿಸಿರುವ, ಎಳೆಯಲೆಂದೇ ಇರುವ ಕೊಂಡಿಗೆ ಮಾತ್ರ ಸಿಕ್ಕಿಸತಕ್ಕದ್ದು. ಬಂಪರ್, ಆಕ್ಸಲ್, ಸ್ಟೀರಿಂಗ್ ಸರಳು ಹಾಗೂ ವಾಹನವನ್ನು ಲಾರಿಯ ಮೇಲೆ ಕಟ್ಟಿ ಸಾಗಿಸಲು ಕೊಟ್ಟಿರುವ ತೆಳು ಕೊಂಡಿಗಳು ಇದಕ್ಕೆ ಸಲ್ಲುವುದಿಲ್ಲ. ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ ಹಗ್ಗ ಹಾಕಿ ಜಗ್ಗಿದಾಗ ಆ ಗುಂಡು ಮುರಿದು ಗುಂಡೇಟಿನಂತೆ ಹಾರಿ ಜೀವಹಾನಿಯಾದ ಪ್ರಕರಣಗಳು ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ವರದಿಯಾಗಿವೆ. ನಮ್ಮ ಪಿಕಪ್‌ಗಳಲ್ಲಿಯೂ ಅಂತಹ ಗುಂಡುಗಳನ್ನು ಅಂದಕ್ಕಾಗಿ ಹಾಕಿಸುವ ಅಭ್ಯಾಸವಿರುವುದರಿಂದ ಇದನ್ನು ಇಲ್ಲಿ ಒತ್ತಿ ಹೇಳಲಾಗಿದೆ.

ಹಗ್ಗ ಮತ್ತು ಕೊಂಡಿಯ ನಡುವೆ ಬಿಲ್ಲಿನಾಕಾರದ ಶ್ಯಾಕಲ್ ಬಳಸಬೇಕು. ಅದರ ಮೈಮೇಲೆಯೇ ಎಷ್ಟು ಟನ್ ಎಂದು ಉಬ್ಬಿರುತ್ತದೆ. ಪಿಕಪ್‌ಗಳಿಗೆ 4.75 ಟನ್‌ನದು ಸೂಕ್ತ. ಅದರ ಬಿಲ್ಲಿನ ಭಾಗವು ಮುಕ್ಕಾಲು ಅಂಗುಲ ದಪ್ಪವಿರುತ್ತದೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ಕಂಬಳಿಯನ್ನು ಹೊದಿಸಿದಲ್ಲಿ, ಹಗ್ಗ ತುಂಡಾದರೂ ಆ ಭಾರಕ್ಕೆ ಕೆಳಗೆ ಬೀಳುವ ಸಾಧ್ಯತೆ ಹೆಚ್ಚು. ಇಬ್ಬರು ಚಾಲಕರನ್ನು ಹೊರತುಪಡಿಸಿ ಉಳಿದವರೆಲ್ಲರೂ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ ನಿಲ್ಲಬೇಕು. ಊರಿನ ಮಕ್ಕಳು ಸುತ್ತ ನೆರೆಯುವುದು ಸಾಮಾನ್ಯವಾದ್ದರಿಂದ, ಅವರನ್ನು ದೂರ ನಿಲ್ಲಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿಯೇ ಎಳೆಯಲು ಆರಂಭಿಸತಕ್ಕದ್ದು.

ಒಂಟಿ ವಾಹನದಲ್ಲಿ ಹೋಗುವವರಿಗೆ ವಿಂಚು ಉಪಯುಕ್ತ. ಅದರ ಸಾಮರ್ಥ್ಯವು ವಾಹನದ ಒಟ್ಟು ತೂಕದ ಒಂದೂವರೆ ಪಟ್ಟಾದರೂ ಇರಬೇಕು. ನಡುವೆ ಒಂದು ಕಪ್ಪಿ ಹಾಕಿದಲ್ಲಿ ಎಳೆತ ಸುಮಾರು ಇಮ್ಮಡಿಯಾಗಿ ವೇಗ ಅರ್ಧಕ್ಕಿಳಿಯುತ್ತದೆ. ಆದರೆ ವಿಂಚು ಕೂರಿಸಲು ಮುಂಭಾಗಕ್ಕೆ ಉಕ್ಕಿನ ಭಾರಿ ಬಂಪರ್ ಹಾಕಿಸುವವರು, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ಅಂತಹ ಗಾರ್ಡ್‌ಗಳನ್ನು ಮೋಟಾರು ವಾಹನ ಅಧಿನಿಯಮ, 1988ರ ಪ್ರಕರಣ 52ರ ಉಲ್ಲಂಘನೆ ಎಂದು ಪರಿಗಣಿಸಿ ಕ್ರಮ ಜರುಗಿಸಲು ರಾಜ್ಯಗಳಿಗೆ ಸೂಚಿಸಿರುವುದನ್ನು ತಿಳಿದಿರಬೇಕು. ಮರ ಎಳೆಯಲು ಬಳಸುವ, ಕೈಯಿಂದ ನಡೆಸುವ ವಿಂಚಿಗೆ ಈ ತೊಡಕಿಲ್ಲ. ನಿಧಾನವಾದರೂ ಮುಂದಕ್ಕೂ ಹಿಂದಕ್ಕೂ ಎಳೆಯುತ್ತದೆ. ತಂತಿಯನ್ನು ಮರಕ್ಕೆ ನೇರವಾಗಿ ಸುತ್ತದೆ, ಅಗಲವಾದ ಪಟ್ಟಿಯನ್ನು ಬುಡದಲ್ಲಿ ಸುತ್ತಿ ಅದಕ್ಕೆ ಸಿಕ್ಕಿಸಬೇಕು. ಮಳೆಗೆ ಮಣ್ಣು ಸಡಿಲವಾಗಿರುವ ದರೆಯ ಅಂಚಿನ ಮರ ವಾಹನದ ಮೇಲೆಯೇ ಬೀಳಬಹುದು. ತಂತಿ ಹಿಡಿಯುವವರಿಗೆ ದಪ್ಪ ಚರ್ಮದ ಕೈಗವಸು ಕಡ್ಡಾಯ.

ಬೆಂಕಿ, ಬ್ಯಾಟರಿ ಮತ್ತು ನೀರು

ಒಣ ಹುಲ್ಲಿನ ಮೇಲೆ ನಿಲ್ಲಿಸಿದ ವಾಹನದ ಬಿಸಿ ಸೈಲೆನ್ಸರ್‌ನಿಂದ ಬೇಸಿಗೆಯಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಒಣಪುಡಿಯ ಅಗ್ನಿಶಾಮಕವನ್ನು ಚಾಲಕನ ಕೈಗೆಟಕುವಂತೆ ಇಡಬೇಕು. ಜಂಪರ್ ಕೇಬಲ್ ಒಯ್ಯುವವರು ಲಾರಿಗಳದ್ದು ಸಾಮಾನ್ಯವಾಗಿ 24 ವೋಲ್ಟ್, ಪಿಕಪ್‌ನದು 12 ವೋಲ್ಟ್ ಎಂಬುದನ್ನು ಮರೆತು ಎರಡನ್ನೂ ಜೋಡಿಸಬಾರದು. ತಲೆಗೆ ಕಟ್ಟುವ ಟಾರ್ಚು ಕೈಯ ಟಾರ್ಚಿಗಿಂತ ಮೇಲು. ಲೋ ಗೇರಿನಲ್ಲಿ ಇಂಧನದ ಬಳಕೆ ಬಹಳ ಹೆಚ್ಚುವುದರಿಂದ ಟ್ಯಾಂಕು ತುಂಬಿಸಿಯೇ ಹೊರಡಬೇಕು.

ಹಳ್ಳ ದಾಟುವ ಮೊದಲು ಆಳ ನೋಡಲು ಐದಾರು ಅಡಿಯ ಕೋಲು ಬೇಕು. ಹರಿಯುವ ನೀರು ಎರಡು ಅಡಿ ಇದ್ದರೆ ಪಿಕಪ್‌ನಂತಹ ವಾಹನವನ್ನೂ ತೇಲಿಸಿ ಒಯ್ಯಬಲ್ಲದು; ಅಂತಹ ನೀರಿನಲ್ಲಿ ಯಾವ ಸಾಮಗ್ರಿಯೂ ನೆರವಾಗುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಅಧಿಕ ಮಳೆ ಬೀಳುವ ಆಗುಂಬೆಯಂತಹ ಪ್ರದೇಶದಲ್ಲಿ ಬೆಳಿಗ್ಗೆ ದಾಟಿದ ಹಳ್ಳ ಮಧ್ಯಾಹ್ನ ದಾಟಲಾಗದಂತಾಗುವುದು ಅಪರೂಪವಲ್ಲ. ಎಂಜಿನ್ ನೀರು ಕುಡಿದು ನಿಂತಲ್ಲಿ ಮರಳಿ ಸ್ಟಾರ್ಟ್ ಮಾಡಬಾರದು. ನೀರು ಗಾಳಿಯಂತೆ ಅದುಮಲ್ಪಡುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪ್ರಥಮ ಚಿಕಿತ್ಸೆ

ಪೆಟ್ಟಿಗೆಯಲ್ಲಿ ಅಗಲ ಬ್ಯಾಂಡೇಜು, ಹತ್ತಿ, ನಂಜುನಿವಾರಕ, ಸುಟ್ಟಗಾಯದ ಮುಲಾಮು, ಸದಸ್ಯರ ನಿತ್ಯದ ಔಷಧಿಗಳು ಇರಲಿ. ಹಾವು ಕಚ್ಚಿದಲ್ಲಿ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಕೂಡದು. ಕಚ್ಚಿದ ಕೈ ಅಥವಾ ಕಾಲನ್ನು ಮರದ ಪಟ್ಟಿ ಕಟ್ಟಿ ಅಲುಗಾಡದಂತೆ ಇರಿಸಿ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು. ಹೊರಡುವ ಮೊದಲೇ ದಾರಿಯಲ್ಲಿ ಅಂತಹ ಆಸ್ಪತ್ರೆ ಯಾವುದೆಂದು ತಿಳಿದಿರುವುದು, ಪೆಟ್ಟಿಗೆಯಲ್ಲಿರುವ ಯಾವುದೇ ವಸ್ತುವಿಗಿಂತ ಬೆಲೆಯುಳ್ಳದ್ದು.

ಮಲೆನಾಡಿನ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಬಗ್ಗೆಯೂ ಎಚ್ಚರ ಅಗತ್ಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ಕಾಯಿಲೆಯು ಉಣ್ಣೆಗಳ ಕಡಿತದಿಂದ ಹರಡುತ್ತದೆ; ಡಿಸೆಂಬರ್‌ನಿಂದ ಮೇ ವರೆಗಿನ ತಿಂಗಳುಗಳಲ್ಲಿ ಹೆಚ್ಚು. ಚಕ್ರ ಬದಲಿಸುವವರು ತರಗೆಲೆಯ ಮೇಲೆ ಮಂಡಿಯೂರಿ, ಮಲಗಿ ಕೆಲಸ ಮಾಡುವುದರಿಂದ ಈ ಕಡಿತಕ್ಕೆ ಸುಲಭವಾಗಿ ಒಳಗಾಗುತ್ತಾರೆ. ನೆಲಕ್ಕೆ ಹಾಸಲು ತಿಳಿಬಣ್ಣದ ಟಾರ್ಪಾಲು, ಉದ್ದ ತೋಳಿನ ಅಂಗಿ ಹಾಗೂ ಡೆಪಾ ತೈಲ ಒಯ್ಯಬೇಕು. ಹಿಂತಿರುಗಿದ ಕೆಲವು ದಿನಗಳಲ್ಲಿ ಜ್ವರ ಬಂದಲ್ಲಿ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳತಕ್ಕದ್ದು.

ಅನುಮತಿ, ದಾಖಲೆ ಮತ್ತು ಸಂಪರ್ಕ

ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ಅಪರಾಧ. ಮೀಸಲು ಅರಣ್ಯಗಳಿಗೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ. ಅನುಮತಿ ಪತ್ರದ ಮುದ್ರಿತ ಪ್ರತಿ ಇರಬೇಕು. ಸಂಪರ್ಕವಿಲ್ಲದ ತನಿಖಾ ಠಾಣೆಯಲ್ಲಿ ಮೊಬೈಲ್ ತೆರೆದುಕೊಳ್ಳುವುದಿಲ್ಲ. ಚಾಲನಾ ಪರವಾನಗಿ ಹಾಗೂ ನೋಂದಣಿ ಪತ್ರವನ್ನು ಡಿಜಿಲಾಕರ್‌ನಲ್ಲಿ ತೋರಿಸುವುದಕ್ಕೆ 2018ರಿಂದ ಮಾನ್ಯತೆ ಇದ್ದರೂ ಇದೇ ಕಾರಣಕ್ಕೆ ಮುದ್ರಿತ ಪ್ರತಿ ಒಯ್ಯುವುದು ಒಳಿತು.

ಉಪಗ್ರಹ ದೂರವಾಣಿಯನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪೂರ್ವಾನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿದೇಶದಿಂದ ಬರುವ ಬಂಧುಗಳು ತಂದುಕೊಟ್ಟಲ್ಲಿಯೂ ಇದು ಅನ್ವಯಿಸುತ್ತದೆ. ಹೀಗಾಗಿ ಸಂಪರ್ಕವಿಲ್ಲದ ಕಡೆ ಉಳಿಯುವ ಸಾಧನವೆಂದರೆ ಮನೆಯಲ್ಲಿ ಬಿಟ್ಟುಬರುವ ಒಂದು ಚೀಟಿ. ಹೋಗುವ ದಾರಿ, ಜೊತೆಗಿರುವವರ ಹೆಸರು, ವಾಹನದ ಸಂಖ್ಯೆ, ಮರಳುವ ಸಮಯ, ಅದು ಮೀರಿ ಎಷ್ಟು ಗಂಟೆಯ ನಂತರ ಹುಡುಕಲು ಆರಂಭಿಸಬೇಕು ಎಂಬ ವಿವರಗಳು ಅದರಲ್ಲಿರಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತವಾಗಿ ಅನೇಕ ಗ್ರಾಮಗಳ ರಸ್ತೆಗಳು ಕಡಿದುಹೋದವು. ಅಂತಹ ಸಂದರ್ಭದಲ್ಲಿ ಯಾರು ಎಲ್ಲಿದ್ದಾರೆಂದು ತಿಳಿದಿರುವುದು ಶೋಧ ಕಾರ್ಯಕ್ಕೆ ಅತ್ಯವಶ್ಯಕ. ಸಂಪರ್ಕ ದೊರೆಯುವ ಕಡೆಗಳಲ್ಲಿ ತುರ್ತು ಸೇವೆಗೆ 112, ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು.

ತಲಾ ನಾಲ್ಕು ಲೀಟರಿಗೆ ಕಡಿಮೆಯಿಲ್ಲದಂತೆ ಕುಡಿಯುವ ನೀರು, ಒಲೆ ಬೇಡದ ಆಹಾರ, ಒಂದು ರಾತ್ರಿ ಕಳೆಯಲು ಕಂಬಳಿ ಇವು ಚಾಲಕನ ಕ್ಯಾಬಿನ್ನಿನಲ್ಲಿಯೇ ಇರಲಿ. ಜಾಕ್, ಹಾರೆ, ಶ್ಯಾಕಲ್ ಮುಂತಾದ ಭಾರದ ವಸ್ತುಗಳನ್ನು ಹಿಂದಿನ ತೊಟ್ಟಿಯಲ್ಲಿ ಕ್ಯಾಬಿನ್ನಿಗೆ ಒತ್ತಿ, ತಳಕ್ಕೆ ಇಟ್ಟು ಪಟ್ಟಿಯಿಂದ ಬಿಗಿಯಬೇಕು. ವಾಹನ ಮಗುಚಿದಾಗ ಸಡಿಲವಾಗಿರುವ ಜಾಕು ಕೂಡ ಪ್ರಾಣಾಪಾಯ ತರಬಲ್ಲದು. ಸನಿಕೆಯನ್ನು ಮಾತ್ರ ಎಲ್ಲಕ್ಕಿಂತ ಮೇಲೆ, ಬೇರೇನನ್ನೂ ಇಳಿಸದೆ ತೆಗೆಯುವಂತೆ ಇಡತಕ್ಕದ್ದು.